ಗಟ್ಟಿಕಾಳಿನ ಗುರುಬಾಯಿ

ನಮ್ಮ ಗುರುಬಾಯಿ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಅಂಜಿದ್ದನ್ನು ನಾನು ನೋಡಿದ್ದು ಒಂದೇ ಸಲ. ಅದಕ್ಕಿಂತ ಮುಂಚೆ ಆಕೆಗೆ ಅಂಜಿಕೆಯ ಗುರುತೇ ಇರಲಿಲ್ಲ. ಮುಂಬಯಿಯ ಜೋಗೇಶ್ವರಿಯಲ್ಲಿ ನಮ್ಮ ಚಾಳಿನ ಹಿಂದಿನ ಗುಡ್ಡ ಮಳೆಗೆ ಕುಸಿದು ಖೋಲಿಗಳ ಮೇಲೆ ಬಿದ್ದಾಗ ಗಂಡಸರೆಲ್ಲ ರಸ್ತೆಗೆ ಓಡಿದರು, ಈಕೆ ಒಳಗೆ ನುಗ್ಗಿ ಪಕ್ಕದ ಮನೆಯ ಮುದುಕಿಯನ್ನು ಎತ್ತಿಕೊಂಡು ಬಂದಳು. ಮುನ್ಸಿಪಾಲಿಟಿಯವರು ನಳ ಕಡಿಯಲು ಬಂದಾಗ ನಳದ ಕಟ್ಟೆಯ ಮೇಲೆಯೇ ಕೂತು ಜೋಳ ಹಸನು ಮಾಡತೊಡಗಿದಳು. ಅವರೇ ಬೇಸತ್ತು ಹೋದರು. ಲೋಕಲ್‌ನಲ್ಲಿ ಮೈಮೇಲೆ ಕೈ ಹಾಕಿದ ಒಬ್ಬನ ಮಣಿಕಟ್ಟನ್ನು ಅಂಧೇರಿಯಲ್ಲಿ ಹಿಡಿದವಳು ಬೊರಿವಲಿಯ ತನಕ ಬಿಡಲಿಲ್ಲ. ಅವನು ಅಳುತ್ತಿದ್ದನಂತೆ.

ಅಂಥವಳ ಬಗ್ಗೆ ಈಗ ಚಾಳಿನಲ್ಲಿ ಬಾಯಿಗೆ ಬಂದಂತೆ ಆಡುತ್ತಾರೆ. ಎಕ್ಸ್‌ರೇ ಮಷಿನ್ ಕೆಡಿಸಿದಳಂತೆ, ನೆಗೆಣ್ಣಿಯ ಜೀವಕ್ಕೆ ಕುತ್ತು ತಂದಳಂತೆ. ಆಡುವವರ ಕಪಾಳಕ್ಕೆ ಕೊಡುವುದೇ ನನಗೆ ಸರಿಯೆನಿಸಿತ್ತು. ಆದರೆ ಎಷ್ಟು ಕಪಾಳ ಅಂತ ಹುಡುಕುತ್ತ ಹೋಗುವುದು? ಅದಕ್ಕೇ ಬರೆಯುತ್ತಿದ್ದೇನೆ. ಆ ನೆಗೆಣ್ಣಿಯ ಗಂಡ ನಾನೇ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಗುರುಬಾಯಿ ಇಂಡಿ ತಾಲೂಕಿನವಳು. ಅವಳ ಅವ್ವ ಸಂತೆಯಲ್ಲಿ ಜೋಳ, ತೊಗರಿ ಮಾರುತ್ತಿದ್ದಳು. ಮೇಲೆ ಒಳ್ಳೆಯ ಕಾಳು, ಒಳಗೆ ಕಸ ಇಟ್ಟು ಅಳೆಯುವವರ ನಡುವೆ ಆ ಮುದುಕಿಯ ರಾಶಿ ಮೇಲಿಂದ ತಳದ ತನಕ ಒಂದೇ ತರಹ ಇರುತ್ತಿತ್ತಂತೆ. ಸಂತೆಯ ಹಿಂದಿನ ದಿನ ತಾಯಿ ಮಗಳು ಕೂತು ಕೇರಿ, ಊದಿ, ಜೊಳ್ಳನ್ನೆಲ್ಲ ತೆಗೆದು ಹಾಕಬೇಕು. ಒಂದು ಜೊಳ್ಳು ಉಳಿದರೂ ಮಗಳ ಬೆನ್ನಿಗೆ ಬೀಳುತ್ತಿತ್ತು. ‘ಜೊಳ್ಳು ಅಳೆದ ಕೈಗೆ ಅನ್ನ ಹತ್ತೂದಿಲ್ಲ’ ಎನ್ನುವುದು ಆ ಮುದುಕಿಯ ಮಾತು. ವೈನಿ ಮದುವೆಯಾಗಿ ಮುಂಬಯಿಗೆ ಬರುವಾಗ ಪಾತ್ರೆಪಗಡದ ಜೊತೆಗೆ ಈ ಮಾತನ್ನೂ ಕಟ್ಟಿಕೊಂಡು ಬಂದಳು. ರೇಶನ್ ಅಕ್ಕಿಯನ್ನೂ ಆಕೆ ಒಂದೊಂದು ಕಾಳು ನೋಡಿಯೇ ಒಲೆಗೆ ಇಡುತ್ತಿದ್ದಳು. ನಾವು ನಗುತ್ತಿದ್ದೆವು. ಆದರೆ ಆಕೆಯ ಅನ್ನದಲ್ಲಿ ಒಂದು ದಿನವೂ ಕಲ್ಲು ಸಿಕ್ಕಿದ್ದಿಲ್ಲ.

ನನ್ನ ಅಣ್ಣ ಬಸವಂತರಾಯ ಮತ್ತು ನಾನು ಇಬ್ಬರೂ ಜೋಗೇಶ್ವರಿಯದೇ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆವು. ನಾನು ಅಕ್ರಿಲಿಕ್ ಕತ್ತರಿಸಿ ಪಾಲಿಶ್ ಮಾಡುವವನು, ಈಗಲೂ ಅದೇ. ನಾವು ಮಾಡುವುದು ಏನೆಂದರೆ, ಹೆಂಗಸರ ಎದೆಯ ಎಕ್ಸ್‌ರೇ ತೆಗೆಯುವ ಮಷಿನ್ ಇರುತ್ತದಲ್ಲ, ಆ ಮಷಿನ್ನನ್ನೇ ಪರೀಕ್ಷೆ ಮಾಡುವ ಬ್ಲಾಕು. ಅಂಗೈ ಅಗಲದ ಅಕ್ರಿಲಿಕ್ ತುಂಡು, ಅದರ ಹೊಟ್ಟೆಯಲ್ಲಿ ಒಂದು ಮೇಣದ ಬಿಲ್ಲೆ. ಮೇಣದೊಳಗೆ ಬಿಳಿ ಹರಳುಗಳನ್ನು ಆರಾರರ ಗುಂಪು ಮಾಡಿ ಕೂರಿಸುತ್ತೇವೆ. ಹರಳು ಅಂದರೆ ಉಂಗುರದ್ದಲ್ಲ. ರವೆಗಿಂತ ಸಣ್ಣದು, ಹಿಟ್ಟಿಗಿಂತ ದಪ್ಪ. ಎದೆಯಲ್ಲಿ ಕೆಟ್ಟ ರೋಗ ಹುಟ್ಟುವಾಗ ಗಂಟು ಕೈಗೆ ಸಿಗುವ ಎಷ್ಟೋ ಮೊದಲೇ ಸುಣ್ಣದಂಥ ಕಣಗಳು ಕೂಡುತ್ತವಂತೆ. ನಮ್ಮ ಹರಳು ಆ ಕಣದ ಬದಲಿಗೆ. ಒಂದು ಗುಂಪಿಗಿಂತ ಮುಂದಿನದು ಸಣ್ಣ, ಅದಕ್ಕಿಂತ ಅದರ ಮುಂದಿನದು ಸಣ್ಣ, ಹೀಗೆ ಐದು ಗುಂಪು. ಬ್ಲಾಕನ್ನು ಮಷಿನ್ನಿನಲ್ಲಿಟ್ಟು ಚಿತ್ರ ತೆಗೆಯುತ್ತಾರೆ. ಮೂರನೆಯ ಗುಂಪಿನ ತನಕ ಕಂಡರೆ ಮಷಿನ್ ಪಾಸು. ಕಾಣದಿದ್ದರೆ ಅದರ ಕಣ್ಣು ಮಂದವಾಗಿದೆ ಎಂದು ತಿಳಿದು, ರಿಪೇರಿಯಾಗುವ ತನಕ ಯಾವ ಹೆಂಗಸನ್ನೂ ಅದರ ಮುಂದೆ ನಿಲ್ಲಿಸಬಾರದು.

ಹರಳು ಕೂರಿಸುವ ಕುರ್ಚಿ ಅಣ್ಣನದಾಗಿತ್ತು. ಒಂದು ಮಳೆಗಾಲ ಸಬ್‌ವೇಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದ, ಇಲಿಜ್ವರ ಹಿಡಿಯಿತು, ಹೋಗಿಬಿಟ್ಟ. ಕಾರ್ಖಾನೆಯ ಸಾಹುಕಾರರು ಸೋಮನಾಥರು, ಧಾರವಾಡದ ಕಡೆಯವರು, ಓದಿದ ಮನುಷ್ಯ. ಅವರು ದಿನಕರ್ಮ ಮುಗಿದ ಮೇಲೆ ಮನೆಗೆ ಬಂದು, ‘ಗುರುಬಾಯಿ, ಆ ಕುರ್ಚಿ ನಿಮ್ಮದು’ ಎಂದರು. ಆಕೆ ಕಣ್ಣೀರು ಒರೆಸಿಕೊಂಡು ಕೇಳಿದ್ದು ಒಂದೇ: ‘ಕಾಳು ಆರಿಸೂ ಕೆಲಸ ಏನ್ರಿ? ಹಂಗಾರ ಬರತೈತಿ.’

ಬಂತು ಕೂಡ. ಸಾಹುಕಾರರು ಜರಡಿ ಹಿಡಿದು ಐದು ಡಬ್ಬಿಗಳಲ್ಲಿ ಹರಳು ತುಂಬಿ ಕೊಡುತ್ತಿದ್ದರು. ವೈನಿ ಕರಿ ತಾಟಿನ ಮೇಲೆ ಸುರಿದುಕೊಂಡು, ಭೂತಗನ್ನಡಿಯ ಕೆಳಗೆ ಚಿಮಟದಿಂದ ಎತ್ತಿ ಮೇಣಕ್ಕೆ ಇಡುತ್ತಿದ್ದಳು. ಅಣ್ಣ ಚಿಮಟಕ್ಕೆ ಸಿಕ್ಕಿದ್ದನ್ನು ಇಡುತ್ತಿದ್ದ. ಈಕೆ ಹಾಗಲ್ಲ, ಹಸನು ಮಾಡಿಯೇ ಇಡುವವಳು. ಆಕೆ ಬಂದ ಮೇಲೆ ನಮ್ಮ ಬ್ಲಾಕಿಗೆ ಹೆಸರು ಬಂತು. ‘ನಿಮ್ಮ ಹೊಸ ಮಾಲ್ ಭಾಳ ಸಾಫ್ ಕಾಣಸ್ತದ’ ಎಂದು ಬ್ಲಾಕು ಕೊಂಡ ಎಕ್ಸ್‌ರೇ ಸೆಂಟರಿನವರು ಫೋನ್ ಮಾಡಿ ಹೇಳುತ್ತಿದ್ದರು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಸಾಹುಕಾರರು ಆಕೆಯ ಚಿಮಟಕ್ಕೂ ಹೂವು ಏರಿಸಿ, ಆಕೆಗೆ ಸೀರೆ ಕೊಟ್ಟರು. ಎಲ್ಲರೂ ಖುಷಿ. ಚೆನ್ನಾಗಿ ಕಾಣುತ್ತದೆ ಎಂದರೆ ಚೆನ್ನಾಗಿದೆ ಎಂದೇ ಅಲ್ಲವೇ ಅರ್ಥ? ಇದರಲ್ಲಿ ಅಂಜುವುದಕ್ಕೆ ಏನಿದೆ ಎಂದು ಯಾರಿಗೆ ಹೊಳೆಯಬೇಕು?

ಅಂಜಿಕೆ ಇದ್ದದ್ದು ನನ್ನ ಹೆಂಡತಿಗೆ. ಲಕ್ಷ್ಮವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಗೋರೆಗಾಂವಿನ ಆಫೀಸುಗಳಲ್ಲಿರುವ ನಮ್ಮ ಕಡೆಯ ಮಂದಿಗೆ ಕಳಿಸುತ್ತಾಳೆ. ಬೆಳಗ್ಗೆ ನಮ್ಮ ಚಾಳು ಏಳುವುದೇ ಅವಳ ರೊಟ್ಟಿಯ ಸಪ್ಪಳಕ್ಕೆ. ಅವಳ ಅವ್ವ ಎದೆಯ ಗಂಟಿನಿಂದ ಸತ್ತಳು, ಬಹಳ ನರಳಿ ಸತ್ತಳು. ಅಂದಿನಿಂದ ಇವಳು ಸ್ನಾನ ಮಾಡುವಾಗ ಎದೆಗೆ ಕೈ ತಾಗಿದರೆ ಸುಟ್ಟಂತೆ ಹಿಂದಕ್ಕೆ ತೆಗೆಯುತ್ತಿದ್ದಳು. ತಾಯಿಗೆ ಬಂದಿದ್ದರೆ ಮಗಳು ತೋರಿಸಿಕೊಳ್ಳಲೇಬೇಕು ಎಂದು ದವಾಖಾನೆಯ ಡಾಕ್ಟರ್ ಹೇಳಿದರೂ ನಾಳೆ, ನಾಡಿದ್ದು ಎಂದು ತಳ್ಳುತ್ತಿದ್ದಳು. ಕೊನೆಗೆ ಒಪ್ಪಿಸಿದವಳು ವೈನಿಯೇ.

‘ಎಲ್ಲೆಲ್ಲೋ ಯಾಕ ಹೋಗ್ತೀ? ಗೋರೆಗಾಂವಿನ ಸೆಂಟರಿಗೆ ಹೋಗು. ಅಲ್ಲಿ ನಮ್ಮ ಬ್ಲಾಕ್ ಐತಿ. ನಿನ್ನ ಗಂಡ ಕಾಶಿನಾಥನ ಕೊಟ್ಟು ಬಂದಾನ.’

‘ನಿಮ್ಮ ಬ್ಲಾಕ್ ಇದ್ರ ನನಗೇನ್ ಬಂತಕ್ಕಾ?’

‘ಹುಚ್ಚಿ! ನನ್ನ ಕೈಯಾಗಿನ ಕಾಳು ಕಂಡಂಥ ಮಷಿನ್ ಅದು. ನಿನ್ನ ಎದಿಯಾಗ ಏನರ ಇದ್ರ ಬಿಡ್ತೈತೇನು?’

‘ಇದ್ರ ಅಂತ ಯಾಕ ಬಾಯಾಗ ತರ್ತೀಯಕ್ಕಾ…’

‘ಇಲ್ಲಂತ ಗೊತ್ತಾದ್ರ ನಿದ್ದಿ ಹತ್ತತೈತಿ. ಏಳು, ನಾನೂ ಬರ್ತೀನಿ.’

ಇಬ್ಬರೂ ಹೋಗಿ ಬಂದರು. ಸೆಂಟರಿನ ಹುಡುಗಿ ಪಾಕೀಟು ಕೊಡುತ್ತ ‘ಸಬ್ ನಾರ್ಮಲ್ ಹೈ ಆಂಟಿ’ ಎಂದಳಂತೆ. ಸ್ಟೇಶನ್ನಿನಿಂದ ಬರುವಾಗಲೇ ವೈನಿ ಪೇಡೆಯ ಪೊಟ್ಟಣ ಹಿಡಿದುಕೊಂಡು ಬಂದು ಚಾಳಿಗೆಲ್ಲ ಹಂಚಿದಳು. ಯಾಕೆ ಎಂದು ಕೇಳಿದವರಿಗೆ, ‘ಸುಮ್ಮ ತಿನ್ರಿ, ಪೇಡೆಕ್ಕ ಕಾರಣ ಬೇಕೇನು?’ ಎಂದಳು. ಲಕ್ಷ್ಮವ್ವ ಮರುದಿನ ರೊಟ್ಟಿ ಬಡಿಯುತ್ತ ಹಾಡು ಹೇಳಿದಳು. ಅವಳ ಹಾಡು ಕೇಳಿ ನನಗೆ ಎಷ್ಟೋ ವರ್ಷವಾಗಿತ್ತು.

ಗಣಪತಿ ಕೂರುವ ಮುಂಚೆ, ಕಾರ್ಖಾನೆಗೆ ಒಬ್ಬ ಹುಡುಗಿ ಬಂದಳು. ಹೆಸರು ನೇತ್ರಾ. ಪವಾಯಿಯಲ್ಲಿ ಮನೆ, ತಾಯಿ ಬೆಳಗಾವಿಯವಳು. ಸೆಂಟರುಗಳಿಗೆ ಹೋಗಿ ಮಷಿನ್ ತಪಾಸಣೆ ಮಾಡುವುದು ಅವಳ ಕೆಲಸ. ಕನ್ನಡ ತಡವರಿಸಿಕೊಂಡು ಆಡುತ್ತಾಳೆ. ಚೀಲದಿಂದ ಎರಡು ಬ್ಲಾಕ್ ತೆಗೆದು ಮೇಜಿನ ಮೇಲಿಟ್ಟಳು. ಒಂದು ನಮ್ಮದು, ಒಂದು ಪರದೇಶದ್ದು. ಆಮೇಲೆ ಲ್ಯಾಪ್‌ಟಾಪ್ ತೆರೆದು ಎರಡು ಚಿತ್ರ ತೋರಿಸಿದಳು.

‘ಸೇಮ್ ಮಷಿನ್ ಸರ್, ಏಕ್ ಕೆ ಬಾದ್ ಏಕ್ ತೆಗೆದಿದ್ದು. ಇದು ಬಾಹರ್ ಕಾ ಬ್ಲಾಕ್. ಇದು ನಿಮ್ದು.’

ಎಡಗಡೆಯ ಚಿತ್ರದಲ್ಲಿ ಎರಡು ಗುಂಪು ಕಾಣುತ್ತಿದ್ದವು, ಅದರಾಚೆ ಬರೀ ಬೂದಿ ಬಣ್ಣದ ಮಂಜು. ಬಲಗಡೆಯ ನಮ್ಮ ಚಿತ್ರದಲ್ಲಿ ನಾಲ್ಕನೆಯ ಗುಂಪಿನ ತನಕ ಎಲ್ಲವೂ ಕಾಣುತ್ತಿತ್ತು, ಚೆಲ್ಲಿದ ರವೆಯ ಹಾಗೆ. ನನಗೆ ಹೆಮ್ಮೆಯೇ ಆಯಿತು.

‘ನಮ್ಮದ ಚಲೋ ಐತಲ್ಲ!’ ಎಂದೆ.

‘ಅಂಕಲ್, ಬ್ಲಾಕ್ ಚಂದ ಕಾಣೋದು ಬೇಡ. ಅದು… ಕೈಸೇ ಬೋಲೂಂ… ಕಾಣ್ಲಿಕ್ಕೆ ತ್ರಾಸ್ ಆಗ್ಬೇಕು. ನಿಮ್ದು ಈಜಿ ಇದೆ. ಈಜಿ ಇದ್ರೆ ಅಂಧಾ ಮಷಿನ್ ಭೀ ಪಾಸ್ ಆಗ್ತದೆ.’

ನನಗೆ ಸಿಟ್ಟು ನೆತ್ತಿಗೇರಿತು. ‘ಪರದೇಶದ್ದು ಅಂದಕೂಡ್ಲೆ ಖರೇ, ನಮ್ದು ಖೋಟಾ ಏನು? ಅವರ ಕಡಿಂದ ನಿನಗ ಕಮಿಷನ್ ಎಷ್ಟು ಸಿಗ್ತೈತಿ ಅದನ್ನ ಹೇಳು ಮೊದ್ಲ!’

‘ಕಾಶಿನಾಥ, ಬಾಯಿ ಮುಚ್ಚು,’ ಎಂದರು ಸಾಹುಕಾರರು. ಅವರ ಮುಖ ಆಗಲೇ ಬೆಳ್ಳಗಾಗಿತ್ತು.

ಹುಡುಗಿ ಮೂಲೆಯಲ್ಲಿ ಕೂತಿದ್ದ ವೈನಿಯ ಹತ್ತಿರ ಹೋಗಿ, ‘ಮಾವ್ಶಿ, ನೀವು ಹೆಂಗೆ ಇಡ್ತೀರಿ, ನನಗೆ ತೋರಿಸ್ತೀರಾ?’ ಎಂದು ಕೇಳಿದಳು.

ವೈನಿಗೆ ಏನು, ಅಭಿಮಾನ. ‘ಬಾರವ್ವ, ಕೂಡು’ ಎಂದು ಸ್ಟೂಲು ಸರಿಸಿದಳು. ಡಬ್ಬಿಯಿಂದ ಒಂದು ಚಿಟಿಕೆ ಹರಳು ಕರಿ ತಾಟಿನ ಮೇಲೆ ಸುರಿದಳು. ಸೂಜಿಯ ಮೊನೆಯಿಂದ ದಪ್ಪನೆಯವನ್ನು ಒಂದು ಕಡೆ, ಸಣ್ಣವನ್ನು ಒಂದು ಕಡೆ ಸರಿಸಿದಳು. ಆಮೇಲೆ ಸಣ್ಣವುಗಳ ಮೇಲೆ ಬಗ್ಗಿ, ಬಾಯಿ ಚೂಪು ಮಾಡಿ, ಮೆಲ್ಲಗೆ ಊದಿದಳು. ತಾಟಿನ ಮೇಲೆ ದಪ್ಪನೆಯವಷ್ಟೇ ಉಳಿದವು.

‘ಅದೇನ್ ಮಾಡಿದ್ರಿ?’

‘ಜೊಳ್ಳು ತೆಗದೆನವ್ವ. ಒಂದ ಡಬ್ಬಿಯಾಗ ಎಲ್ಲಾ ಒಂದ ಸಮ ಇರೂದಿಲ್ಲ ನೋಡು. ಗಟ್ಟಿಕಾಳಷ್ಟ ಹಾಕ್ತೀನಿ ನಾನು. ಎಲ್ಲಾ ಬ್ಲಾಕಿಗೂ. ಇವ್ರ ಅಣ್ಣ ಇದ್ದಾಗ ಹಂಗ ಹಾಕ್ತಿದ್ರು, ಪಾಪ, ಅವ್ರಿಗೆ ಹಸನ ಮಾಡೂದು ಬರ್ತಿರಲಿಲ್ಲ.’

ಪಾಲಿಶ್ ಮಷಿನ್ ಗುಂಯ್‌ಗುಡುತ್ತಿತ್ತು. ನಾನೇ ಹೋಗಿ ಬಂದ್ ಮಾಡಿದೆ. ಸಾಹುಕಾರರು ತಲೆಗೆ ಕೈ ಹಚ್ಚಿ ಕೂತರು. ಹುಡುಗಿ ವೈನಿಯ ಮೊಣಕೈಯನ್ನು ಮುಟ್ಟಿ, ‘ಮಾವ್ಶಿ, ಆ ಜೊಳ್ಳೂ ಬೇಕಿತ್ತು,’ ಎಂದಳು.

‘ಜೊಳ್ಳು ಯಾರರ ಕೊಡ್ತಾರೇನವ್ವ?’ ವೈನಿ ನಗುತ್ತಲೇ ಕೇಳಿದಳು. ‘ಮಂದಿ ರೊಕ್ಕ ಕೊಟ್ಟಿರ್ತಾರ. ಅವರ ಕಣ್ಣಿಗಿ ಕಾಣಬ್ಯಾಡ?’

‘ತಪ್ಪು ನಂದದ,’ ಎಂದರು ಸಾಹುಕಾರರು. ‘ಜರಡಿ ಕಣ್ಣು ದೊಡ್ಡದಾತು. ಮತ್ತ ಎಲ್ಲಾ ಕಾಣ್ತದ ಅಂತ ನಾನೂ ಕುಣದೆ. ಕಾಣಬಾರದ್ದು ಯಾಕ ಕಾಣ್ತದ ಅಂತ ಕೇಳಬೇಕಿತ್ತು. ಕೇಳಲಿಲ್ಲ.’

ವೈನಿಯ ನಗು ಅಲ್ಲಿಗೆ ನಿಂತಿತು. ಒಬ್ಬೊಬ್ಬರ ಮುಖವನ್ನೇ ನೋಡಿದಳು. ಆಕೆ ದಡ್ಡಿಯಲ್ಲ, ತಿಳಿಯುವುದಕ್ಕೆ ಹೊತ್ತು ಹಿಡಿಯಲಿಲ್ಲ. ಲ್ಯಾಪ್‌ಟಾಪಿನ ಹತ್ತಿರ ಬಂದು ಎಡಗಡೆಯ ಮಂಜಿನ ಮೇಲೆ ಬೆರಳಿಟ್ಟು ಕೇಳಿದಳು:

‘ಇದು ಯಾವ ಊರಿನ ಮಷಿನ್?’

‘ಯಹೀಂ ಕಾ ಹೈ. ಗೋರೆಗಾಂವ್ ಸೆಂಟರ್. ನಿಮ್ಮ ಬ್ಲಾಕಿನಿಂದ ಪಾಸ್ ಆಗಿತ್ತು.’

ಆಗ ನೋಡಿದೆ ನಾನು. ಬೆರಳು ಗಾಜಿನ ಮೇಲೆ ಟಕಟಕ ಬಡಿದುಕೊಳ್ಳತೊಡಗಿತು. ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡಳು. ಗುಡ್ಡ ಕುಸಿದಾಗ ನಡುಗದ ಕೈ.

ನಾನು ಸುಮ್ಮನಿದ್ದೆನೆಂದು ತಿಳಿಯಬೇಡಿ. ಸ್ಟೂಲನ್ನು ಒದ್ದೆ. ‘ನೀನ ಕಳಿಸಿದಿ ಆಕಿನ್ನ ಅಲ್ಲಿಗೆ! ನನ್ನ ಕಾಳು, ನನ್ನ ಕಾಳು ಅಂತ ಹೇಳಿ ಕರಕೊಂಡು ಹೋದಿ!’ ಎಂದು ಕೂಗಿದೆ. ವೈನಿ ಬಗ್ಗಿ ಸ್ಟೂಲನ್ನು ಎತ್ತಿ ನಿಲ್ಲಿಸಿದಳು. ದಿನಾ ನನ್ನ ಒಂದು ಮಾತಿಗೆ ಹತ್ತು ಕೊಡುವವಳು.

ನಡುವೆ ಬಂದವಳು ನೇತ್ರಾ. ‘ಅಂಕಲ್, ಚಿಲ್ಲಾವೋ ಮತ್. ಏನೂ ಇಲ್ದೇನೂ ಇರಬಹುದು. ಲೇಕಿನ್ ಆ ಮಷಿನ್ ನೋಡಿ ಇಲ್ಲ ಅಂತ ಹೇಳ್ಲಿಕ್ಕೆ ಆಗಲ್ಲ. ಅದಕ್ಕೆ ಸಣ್ಣದು ಕಾಣಲ್ಲ. ಬೇರೆ ಕಡೆ ಮತ್ತೊಮ್ಮೆ ತೆಗೆಸಿ. ಜಲ್ದಿ.’ ಪರೇಲಿನ ಕಡೆಯ ಒಂದು ದೊಡ್ಡ ಆಸ್ಪತ್ರೆಯ ಹೆಸರು ಹೇಳಿ, ಅಲ್ಲಿಯ ಮಷಿನ್ನನ್ನು ತಾನೇ ಪರದೇಶದ ಬ್ಲಾಕಿನಿಂದ ನೋಡಿದ್ದೇನೆ ಎಂದಳು. ‘ಜಲ್ದಿ’ ಎಂದು ಅವಳು ಎರಡನೆಯ ಸಲ ಹೇಳಿದಾಗ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಸಿಟ್ಟು ಇರುವ ತನಕ ಮನುಷ್ಯನಿಗೆ ಧೈರ್ಯ. ಅದು ಹೋದ ಮೇಲೆ ಉಳಿಯುವುದು ಅಂಜಿಕೆ ಒಂದೇ.

ಮನೆಗೆ ಹೋಗುವ ದಾರಿಯಲ್ಲಿ ನಾನು ಹೇಳಿದೆ: ‘ವೈನೀ, ಆಕಿಗಿ ಹೇಳಬ್ಯಾಡ. ಏನರ ನೆವ ಮಾಡಿ ಕರಕೊಂಡು ಹೋಗೋಣು.’

‘ಏನ್ ನೆವ ಮಾಡ್ತಿ? ಎದಿ ತೋರಿಸಾಕ ಏನ್ ನೆವ ಇರ್ತೈತಿ?’

‘ಮತ್ತ ಹೇಳಿದ್ರ ಸತ್ತ ಹೋಗ್ತಾಳ ಅಂಜಿ.’

‘ಹೇಳಲಿಲ್ಲಂದ್ರ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ನಡೆದಳು. ಗಣಪತಿಯ ಮಂಟಪಕ್ಕೆ ಬಿದಿರು ಕಟ್ಟುತ್ತಿದ್ದ ಹುಡುಗರು ಯಾವಾಗಿನಂತೆ ‘ಕಾಯ್ ಗುರುಬಾಯಿ ಮಾವ್ಶಿ, ವರ್ಗಣೀ?’ ಎಂದು ಚಂದಾ ಕೇಳಿದರು. ಆಕೆಗೆ ಕೇಳಿಸಲೇ ಇಲ್ಲ. ಚಾಳಿನ ಮೆಟ್ಟಿಲ ಹತ್ತಿರ ಬಂದಾಗ ಒಳಗಿನಿಂದ ರೊಟ್ಟಿಯ ಸಪ್ಪಳ ಬರುತ್ತಿತ್ತು, ಪಟಪಟಪಟ ಎಂದು. ವೈನಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ‘ಈ ಸಪ್ಪಳ ನಿಲ್ಲಲಿ, ಆಮ್ಯಾಲೆ ಹೋಗ್ತೀನಿ’ ಎಂದಳು. ಅದು ನಿಲ್ಲಲಿಲ್ಲ. ಕೊನೆಗೆ ಎದ್ದು ಒಳಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ.

‘ಬಾ ಅಕ್ಕಾ, ಬಿಸಿ ಒಂದ ತಿನ್ನು,’ ಎಂದಳು ಲಕ್ಷ್ಮವ್ವ. ಬೆನ್ನು ತಿರುಗಿಸಿ ಕೂತಿದ್ದಳು. ‘ಇವತ್ತ ಹಿಟ್ಟು ಭಾಳ ಚಲೋ ಬಂದೈತಿ.’

‘ಲಕ್ಷ್ಮೀ, ಆವತ್ತು ನಿನ್ನ ಫೋಟೋ ತಗದಾರಲ್ಲ…’

‘ಹೂಂ.’

‘ಆ ಮಷಿನ್ನಿಗಿ ಕಣ್ಣ ಇಲ್ಲಂತ.’

‘ಏನ್ ಚಾಷ್ಟಿ ಮಾಡ್ತೀಯಕ್ಕಾ.’

‘ಚಾಷ್ಟಿ ಅಲ್ಲ. ನಾ ಇಟ್ಟ ಕಾಳು ದಪ್ಪ ಇದ್ದೂವಂತ. ಅದಕ್ಕ ಅದು ಪಾಸ್ ಆತಂತ. ಸಣ್ಣೂವು ಅದಕ್ಕ ಕಾಣೂದಿಲ್ಲಂತ. ನಿನ್ನಾಗ ಸಣ್ಣೂವು ಇದ್ದೂವೋ ಇಲ್ಲೋ, ಅದಕ್ಕ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.’

ಲಕ್ಷ್ಮವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಹಿಟ್ಟು ಮೆತ್ತಿದ ಅಂಗೈಯನ್ನು ಎತ್ತಿ ಎಡಗಡೆಯ ಎದೆಯ ಮೇಲೆ ಇಟ್ಟುಕೊಂಡಳು. ಈ ಸಲ ಹಿಂದಕ್ಕೆ ತೆಗೆಯಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು, ಯಾರೂ ತೆಗೆಯಲಿಲ್ಲ.

ಆಮೇಲೆ ಅವಳು ಹೇಳಿದ್ದು: ‘ಅಕ್ಕಾ, ಆವತ್ತು ಪೇಡೆ ಹಂಚಿದೆಲ್ಲ, ಅದನ್ನೆಲ್ಲಾ ಹೊಳ್ಳಿ ಈಸ್ಕೊಂಡು ಬಾ ಹೋಗು.’

ಮತ್ತೊಮ್ಮೆ ತೋರಿಸಿಕೊಳ್ಳಲು ಅವಳು ಸುತರಾಂ ಒಪ್ಪಲಿಲ್ಲ. ಒಂದು ಸಲ ಇಲ್ಲ ಎಂದಿದ್ದಾರೆ, ಮತ್ತೆ ಯಾಕೆ ಕೆದಕಿ ಕೇಳಬೇಕು ಎನ್ನುವುದು ಅವಳ ವಾದ. ನಾನು ಬೈದೆ, ಗದರಿದೆ, ಕೈಮುಗಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ರೊಟ್ಟಿಯ ಸಪ್ಪಳ ಇಲ್ಲದೆ ಚಾಳಿನಲ್ಲಿ ಸೂತಕದ ಕಳೆ ಬಂತು. ವೈನಿ ಕೆಲಸಕ್ಕೂ ಹೋಗದೆ ನಮ್ಮ ಹೊಸ್ತಿಲ ಹೊರಗೆ ಕೂತಳು. ಅನ್ನ ಕೊಟ್ಟರೆ ತಾಟನ್ನು ಹಾಗೇ ದೂಡುತ್ತಿದ್ದಳು. ‘ಜೊಳ್ಳು ಅಳೆದ ಕೈ’ ಎನ್ನುತ್ತಿದ್ದಳು. ಜೊಳ್ಳನ್ನು ಅಳೆಯದೆ ಊದಿಬಿಟ್ಟದ್ದಕ್ಕೇ ಹೀಗಾಯಿತಲ್ಲ ಎಂದು ನನಗೆ ಅನಿಸಿತು, ಆದರೆ ಆಡುವ ಧೈರ್ಯವಾಗಲಿಲ್ಲ. ಆಕೆಯ ಕಣ್ಣು ನೋಡಿದರೆ ನನಗೇ ಅಂಜಿಕೆಯಾಗುತ್ತಿತ್ತು. ರೆಪ್ಪೆ ಬಡಿಯದೆ ಲಕ್ಷ್ಮವ್ವನ ಬೆನ್ನನ್ನೇ ನೋಡುತ್ತಿದ್ದಳು, ಭೂತಗನ್ನಡಿ ಹಿಡಿದವರ ಹಾಗೆ.

ಕೊನೆಗೆ ಲಕ್ಷ್ಮವ್ವನೇ ಎದ್ದು ಕೂತಳು. ‘ಹಿಂಗ ಕುಂತ್ರ ನನಗಿಂತ ಮೊದ್ಲ ನೀನ ಹೋಗ್ತೀ. ಬಾ, ಆದ್ರ ಒಂದ ಮಾತು. ನೀನೂ ನಿಲ್ಲಬೇಕು ಮಷಿನ್ನಿನ ಮುಂದ. ನನ್ನಕಿಂತ ಮೊದ್ಲ.’

‘ನಿಲ್ತೀನಿ.’

ಪರೇಲಿನ ಆ ಆಸ್ಪತ್ರೆಯಲ್ಲಿ ಕೂತವರ ಮುಖಗಳನ್ನು ನಾನು ಇಲ್ಲಿ ಬರೆಯಲಾರೆ. ಒಬ್ಬರೂ ಜೋರಾಗಿ ಮಾತಾಡುವುದಿಲ್ಲ. ಹೆಸರು ಕೂಗಿದಾಗ ಎದ್ದವರು ಕೂತವರನ್ನು ಒಮ್ಮೆ ತಿರುಗಿ ನೋಡಿ ಒಳಗೆ ಹೋಗುತ್ತಾರೆ. ವೈನಿಯ ಹೆಸರು ಬಂದಾಗ ಆಕೆ ಬಾಗಿಲಲ್ಲೇ ನಿಂತು ಇದು ಯಾರ ಬ್ಲಾಕಿನಿಂದ ಪಾಸಾದ ಮಷಿನ್ ಎಂದು ಅಲ್ಲಿಯ ಹುಡುಗಿಯನ್ನು ತನ್ನ ಹಿಂದಿಯಲ್ಲಿ ಕೇಳಿದಳು: ‘ಏ ಬೇಟಿ, ಯೇ ಮಷಿನ್ ಕಿಸಕಾ ಬ್ಲಾಕ್ ಸೇ ಪಾಸ್ ಹುವಾ?’

‘ಆಪ್ ಇಂಜಿನಿಯರ್ ಹೋ ಕ್ಯಾ ಮೌಸಿ?’

ಕೂತಿದ್ದ ಹೆಂಗಸರು ನಕ್ಕರು. ಅಲ್ಲಿ ಕೇಳಿದ ನಗು ಅದೊಂದೇ. ವೈನಿ ನಗಲಿಲ್ಲ. ‘ನಹೀಂ. ಮೈ ಬ್ಲಾಕ್ ಬನಾತೀ,’ ಬ್ಲಾಕ್ ಮಾಡುವವಳೇ ನಾನು, ಎಂದು ಒಳಗೆ ಹೋದಳು. ಹುಡುಗಿಯೂ ನಗು ನಿಲ್ಲಿಸಿದಳು.

ವೈನಿಯದು ಏನೂ ಇರಲಿಲ್ಲ. ಲಕ್ಷ್ಮವ್ವನನ್ನು ಮಾತ್ರ ಮತ್ತೆ ಒಳಗೆ ಕರೆದರು. ಮತ್ತೊಂದು ಚಿತ್ರ, ಇನ್ನೊಂದು ಚಿತ್ರ. ಆಮೇಲೆ ಡಾಕ್ಟರ್ ಬಾಯಿ ನಮ್ಮ ಮೂವರನ್ನೂ ಕರೆದು ಕೂರಿಸಿದರು. ಗೋಡೆಯ ಮೇಲಿನ ಪರದೆಯಲ್ಲಿ ಎರಡು ಚಿತ್ರ ಹಾಕಿದರು. ಗೋರೆಗಾಂವಿನದು ಒಂದು, ಇಲ್ಲಿಯದು ಒಂದು. ಗೋರೆಗಾಂವಿನದರಲ್ಲಿ ಮಂಜು. ಎಲ್ಲಿ ನೋಡಿದರೂ ಮಂಜು. ಇಲ್ಲಿಯದರಲ್ಲಿ ಎಡಗಡೆ, ಕಂಕುಳಿನ ಕಡೆಗೆ, ಮೋಡದ ನಡುವೆ ಏನೋ ಚೆಲ್ಲಿದ ಹಾಗೆ. ನನಗೆ ಮೊದಲು ಕಾಣಲಿಲ್ಲ. ಡಾಕ್ಟರ್ ಬಾಯಿ ದೊಡ್ಡದು ಮಾಡಿ ತೋರಿಸಿದರು. ಬಿಳಿ ಬಿಳಿ ಕಣ, ಗುಂಪಾಗಿ.

ದೊಡ್ಡದು ಮಾಡುವ ಮೊದಲೇ ವೈನಿಗೆ ಕಂಡಿತ್ತು. ‘ಜೊಳ್ಳು,’ ಎಂದಳು. ಅಷ್ಟೇ. ಲಕ್ಷ್ಮವ್ವ ಅವಳ ಕೈಯನ್ನು ಹಿಡಿದುಕೊಂಡಳು. ಯಾರು ಯಾರಿಗೆ ಆಸರೆ ಎಂದು ತಿಳಿಯಲಿಲ್ಲ.

ಸೂಜಿ ಚುಚ್ಚಿ ತುಣುಕು ತೆಗೆದರು. ಅದರ ಫಲ ಬರುವ ತನಕ ನಾವು ಹೇಗಿದ್ದೆವು ಎಂದು ಕೇಳಬೇಡಿ. ಪಕ್ಕದ ಮನೆಯ ಫೋನ್ ಬಡಿದುಕೊಂಡರೂ ಮೂವರೂ ಎದ್ದು ನಿಲ್ಲುತ್ತಿದ್ದೆವು. ಕೊನೆಗೆ ಕರೆದರು. ಅದೇ ರೋಗ. ಆದರೆ ಹುಟ್ಟಿದ ಜಾಗ ಬಿಟ್ಟು ಹೊರಗೆ ಹೋಗಿಲ್ಲ, ಕೊಯ್ದು ತೆಗೆಯಬಹುದು ಎಂದರು. ‘ಇನ್ನೂ ತಡವಾಗಿದ್ದರೆ?’ ಎಂದು ವೈನಿ ಕೇಳಿದಳು. ಡಾಕ್ಟರ್ ಬಾಯಿ ಕಾಗದ ಸರಿಪಡಿಸುತ್ತ, ‘ಅದು ಯಾಕೆ ಈಗ?’ ಎಂದರು. ವೈನಿಗೆ ಅಷ್ಟು ಸಾಕಾಯಿತು.

ಕೊಯ್ದರು. ಆಮೇಲೆ ರೇಡಿಯೇಶನ್ ಕೊಟ್ಟರು. ಲಕ್ಷ್ಮವ್ವನ ಎಡಗೈ ಈಗಲೂ ಬಿಗಿ ಹಿಡಿದು ನೋಯುತ್ತದೆ, ರೊಟ್ಟಿ ಬಡಿಯಲಾರಳು. ಬೆಳಗ್ಗೆ ವೈನಿಯೇ ಬಂದು ಬಡಿದು ಕೆಲಸಕ್ಕೆ ಹೋಗುತ್ತಾಳೆ. ಲಕ್ಷ್ಮವ್ವ ಪಕ್ಕದಲ್ಲಿ ಕೂತು ‘ದಪ್ಪ ಆತು, ನಿನಗ ದಪ್ಪದ್ರ ಚಟಾನ ಹೋಗೂದಿಲ್ಲ’ ಎಂದು ಚುಚ್ಚುತ್ತಾಳೆ. ಅವರಿಬ್ಬರ ನಡುವೆ ಅದು ನಡೆಯುತ್ತದೆ. ಹೊರಗಿನವರು ಆಡಿದರೆ ನಾನಿದ್ದೇನೆ.

ಗೋರೆಗಾಂವಿನ ಮಷಿನ್ ಬಂದ್ ಆಯಿತು. ಅದರ ಮುಂದೆ ನಿಂತು ‘ಸಬ್ ನಾರ್ಮಲ್’ ಎಂದು ಹೇಳಿಸಿಕೊಂಡು ಹೋದ ಹೆಂಗಸರಿಗೆಲ್ಲ ನೇತ್ರಾ ಬೆನ್ನುಹತ್ತಿ ಫೋನ್ ಮಾಡಿಸಿದಳು. ಕೆಲವರು ಬಂದರು. ಕೆಲವರ ನಂಬರ್ ಬದಲಾಗಿತ್ತು. ಕೆಲವರು ಊರಿಗೆ ಹೋಗಿದ್ದರು, ಯಾವ ಊರೋ. ನೇತ್ರಾ ಬಂದಾಗಲೆಲ್ಲ ವೈನಿ ನೀರು ಕೊಡುವ ಮೊದಲು ಕೇಳುವುದು ಇದನ್ನೇ: ‘ಎಲ್ಲಾರೂ ಬಂದ್ರೇನವ್ವ?’ ಆ ಹುಡುಗಿ ಸುಳ್ಳು ಹೇಳುವುದಿಲ್ಲ. ‘ಇಲ್ಲ ಮಾವ್ಶಿ’ ಎನ್ನುತ್ತಾಳೆ. ಲೋಕಲ್‌ನಲ್ಲಿ ಎದುರಿಗೆ ಕೂತ ಹೆಂಗಸನ್ನು ನೋಡಿ, ಇವಳಿರಬಹುದೇ ಎಂದು ವೈನಿಗೆ ಅನಿಸುತ್ತದಂತೆ. ಒಂದು ಸಲ ಒಬ್ಬಳನ್ನು ಕೇಳಿಯೂ ಬಿಟ್ಟಳು. ಅವಳು ವೈನಿಯನ್ನು ಹುಚ್ಚಿಯೆಂದು ತಿಳಿದು ಸರಿದು ಕೂತಳು.

ಮಾರಿದ ಬ್ಲಾಕುಗಳನ್ನು ಸಾಹುಕಾರರು ವಾಪಸ್ ತರಿಸಿದರು. ಅವನ್ನು ಸುತ್ತಿಗೆಯಿಂದ ಒಡೆದವನು ನಾನು. ಒಡೆಯುವಾಗ ಚೂರು ಸಿಡಿದು ಹುಬ್ಬಿಗೆ ಬಡಿದು ರಕ್ತ ಬಂದರೂ ನಿಲ್ಲಿಸಲಿಲ್ಲ. ಹೊಸ ಜರಡಿಗಳು ಬಂದವು, ಕಣ್ಣು ಸಣ್ಣವು. ಈಗ ಪ್ರತಿಯೊಂದು ಬ್ಲಾಕನ್ನೂ ಪರದೇಶದ ಬ್ಲಾಕಿನ ಪಕ್ಕದಲ್ಲಿಟ್ಟು ಚಿತ್ರ ತೆಗೆದು ನೋಡಿಯೇ ಹೊರಗೆ ಬಿಡುತ್ತಾರೆ. ವೈನಿ ಕುರ್ಚಿ ಬಿಡುತ್ತೇನೆಂದು ಕೈಮುಗಿದಿದ್ದಳು. ಸಾಹುಕಾರರು ಬಿಡಲಿಲ್ಲ. ‘ಬ್ಯಾರೆಯವ್ರನ್ನ ಕೂಡಿಸಿದ್ರ ಅವ್ರೂ ಚಂದಾನ್ನ ಆರಿಸ್ತಾರ. ನಿಮಗೀಗ ಅಂಜಿಕಿ ಬಂದದ. ನೀವ ಕೂಡ್ರಿ,’ ಎಂದರು.

ಕೂತಿದ್ದಾಳೆ. ಈಗ ಆರಿಸುವುದಿಲ್ಲ, ಚಿಮಟಕ್ಕೆ ಬಂದದ್ದನ್ನು ಇಡುತ್ತಾಳೆ. ಆದರೆ ಸಣ್ಣ ಹರಳು ಎತ್ತುವಾಗ ಉಸಿರು ಬಿಗಿ ಹಿಡಿಯುತ್ತಾಳೆ, ಎಲ್ಲಿ ಹಾರಿಹೋಗುತ್ತದೋ ಎಂದು. ಇಟ್ಟು ಮುಗಿದ ಮೇಲೆ ಬಾಯಿಗೆ ಸೆರಗು ಮುಚ್ಚಿಕೊಂಡು, ತಾಟಿನ ಕಡೆಗಲ್ಲ, ಗೋಡೆಯ ಕಡೆ ತಿರುಗಿ ಉಸಿರು ಬಿಡುತ್ತಾಳೆ.

ಹೋದ ತಿಂಗಳು ಲಕ್ಷ್ಮವ್ವ ನನಗೆ ಊಟದ ಡಬ್ಬಿ ಕೊಡುವ ನೆವ ಮಾಡಿಕೊಂಡು ಕಾರ್ಖಾನೆಗೆ ಬಂದಳು. ಮೊದಲ ಸಲ. ಸುತ್ತಮುತ್ತ ನೋಡಿ ನೇರ ವೈನಿಯ ಮೇಜಿನ ಹತ್ತಿರ ಹೋದಳು.

‘ಅಕ್ಕಾ, ಎಲ್ಲಾದ್ರಕಿಂತ ಸಣ್ಣಂದು ತೋರಿಸು.’

‘ಯಾಕ ಬೇಕು ನಿನಗ ಅದು?’

‘ತೋರಿಸ್ತೀಯೋ ಇಲ್ಲೋ? ನನ್ನೊಳಗ ಇದ್ದದ್ದನ್ನ ನಾ ನೋಡಬ್ಯಾಡೇನು?’

ವೈನಿ ಕೊನೆಯ ಡಬ್ಬಿ ತೆರೆದಳು. ಉಸಿರು ಹಿಡಿದು, ಚಿಮಟದಿಂದ ಒಂದನ್ನು ಎತ್ತಿ ಕರಿ ತಾಟಿನ ನಡುವೆ ಇಟ್ಟಳು. ಲಕ್ಷ್ಮವ್ವ ಬಗ್ಗಿದಳು. ಕಣ್ಣು ಕಿರಿದು ಮಾಡಿದಳು, ತಲೆ ಆಚೆ ಈಚೆ ಹೊರಳಿಸಿದಳು. ನಾನೂ ಹಿಂದಿನಿಂದ ನೋಡಿದೆ. ಕರಿ ತಾಟು, ಮತ್ತೇನಿಲ್ಲ.

‘ಎಲ್ಲೈತಿ?’

‘ಅಲ್ಲೇ ಐತಿ.’

‘ಕಾಣವಲ್ದಲ್ಲಕ್ಕಾ.’

‘ಹೂಂ,’ ಎಂದಳು ವೈನಿ, ಸೆರಗಿನ ಒಳಗಿನಿಂದ. ‘ಹಂಗ ಇರಬೇಕು ಅದು.’